ಅವ್ವ ಪಾಸ್ ಮಾಡಿದ ಮಷಿನ್‌ಗಳು

ಗೋರೆಗಾಂವಿನ ನಮ್ಮ ಮನೆಯಲ್ಲಿ ಅಡುಗೆಮನೆಗೂ ಕಾರ್ಖಾನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು, ಅದು ತಗಡಿನ ಶೆಡ್ಡು. ಅದರ ಬೆನ್ನಿಗೆ ಅಂಟಿಕೊಂಡಂತೆ ಎರಡು ಕೋಣೆ, ಅಲ್ಲಿ ನಾವು ಮೂವರು. ಆ ಕಡೆ ಮಷಿನ್ ಶುರುವಾದರೆ ಈ ಕಡೆ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಅನ್ನುತ್ತಿದ್ದವು. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಒಂದು ಗಳಿಗೆ ಕೇಳಿಸಿಕೊಂಡು, 'ಬೇರಿಂಗ್ ಸರಿ ಕುಂತಿಲ್ಲ' ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಬಡಿಯತೊಡಗುವಳು. ಸ್ವಲ್ಪ ಹೊತ್ತಿಗೆ ಮಷಿನ್ ನಿಂತು ಆ ಕಡೆ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ನಮ್ಮ ಮನೆಯ ಸಾಮಾನುಗಳೂ ವಿಚಿತ್ರವೇ. ಮಷಿನ್ ಪರೀಕ್ಷೆಗೆಂದು ತಂದ ಹಲಗೆಗಳೇ ನಮ್ಮ ಶೆಲ್ಫು, ಊಟದ ಮಣೆ, ನನ್ನ ಓದುವ ಮೇಜು ಎಲ್ಲ ಆಗಿದ್ದವು. ಒಂದು ಹಲಗೆ ಸಾಗವಾನಿ, ಪಕ್ಕದ್ದು ಮಾವು, ಅದರ ಪಕ್ಕದ್ದು ಹಡಗಿನಲ್ಲಿ ಬಂದ ಪೆಟ್ಟಿಗೆ ಒಡೆದು ತಂದದ್ದು. ಬಣ್ಣಕ್ಕೆ ಬಣ್ಣ ಹೊಂದುತ್ತಿರಲಿಲ್ಲ, ಆದರೆ ಕೈಯಾಡಿಸಿದರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಗೊತ್ತಾಗುತ್ತಿರಲಿಲ್ಲ. ಎದುರಿನ ಚಾಳಿನ ಹೆಂಗಸರು ಬಂದಾಗ ಅವ್ವ ಅವರ ಕೈ ಹಿಡಿದು ಮೇಜಿನ ಮೇಲೆ ಆಡಿಸಿ ತೋರಿಸುತ್ತಿದ್ದಳು. ಬೇರೆ ಮನೆಗಳಲ್ಲಿ ಹೆಂಗಸರು ಸೀರೆ ತೋರಿಸುತ್ತಿದ್ದರು.

ನಾವು ಮಾಡುತ್ತಿದ್ದದ್ದು ರಂಧಾ ಮಷಿನ್. ಬಡಿಗ ಕೈಯಲ್ಲಿ ಕೀಸುವ ಬದಲು, ಎರಕದ ಮೇಜಿನ ನಡುವೆ ಗಿರಗಿರ ತಿರುಗುವ ಬ್ಲೇಡಿನ ಮೇಲೆ ಹಲಗೆಯನ್ನು ದೂಡುತ್ತಾ ಹೋದರೆ ಅದು ಅಡಿಯಿಂದ ನುಣುಪಾಗಿ ಬರುವಂಥದ್ದು. ಎರಕ ಬರುತ್ತಿದ್ದದ್ದು ಬೆಳಗಾವಿಯಿಂದ. ಅಪ್ಪನ ಊರೂ ಅದೇ. ಅಪ್ಪನ ಎಡಗೈಯಲ್ಲಿ ಕೊನೆಯ ಎರಡು ಬೆರಳು ಇರಲಿಲ್ಲ. ಮುಂಬಯಿಗೆ ಬಂದ ಹೊಸತರಲ್ಲಿ ಗ್ರಾಂಟ್ ರೋಡ್ ಕಡೆಯ ಒಂದು ಫರ್ನಿಚರ್ ವರ್ಕ್‌ಶಾಪಿನಲ್ಲಿ ಇಂಥದೇ ಮಷಿನ್ ಅವನ್ನು ತೆಗೆದುಕೊಂಡಿತ್ತು. ಗಿರಾಕಿ ಬಂದರೆ ಸಾಕು, ಅಪ್ಪ ಆ ಕೈಯನ್ನು ಮುಂದೆ ಚಾಚುತ್ತಿದ್ದ.

"ನೋಡ್ರಿ, ಆ ಮಷಿನ್‌ಗೆ ಗಾರ್ಡ್ ಅಂಬೋದ ಇರಲಿಲ್ಲ. ಇದ್ದಿದ್ರ ನನ್ನ ಬೊಟ್ಟ ಇವತ್ತ ನನ್ನ ಹಂತ್ಯಾಕ ಇರತಿದ್ವು. ಅವತ್ತಽ ಅನಕೊಂಡೆ, ಮಾಡಿದ್ರ ಗಾರ್ಡ್ ಇದ್ದ ಮಷಿನ್ ಮಾಡಬೇಕಂತ."

ನಮ್ಮ ಕಂಪನಿ ಹುಟ್ಟಿದ ಕಥೆ ಇಷ್ಟೇ. ಬೇರೆ ಮಕ್ಕಳ ಅಪ್ಪಂದಿರು ಆಫೀಸಿಗೆ ಹೋಗುತ್ತಿದ್ದರು, ಹೋಟೆಲ್ ನಡೆಸುತ್ತಿದ್ದರು. ನನ್ನ ಅಪ್ಪ ಎರಡು ಬೆರಳು ಕೊಟ್ಟು ಊರಿನ ಬಡಿಗರ ಬೆರಳು ಉಳಿಸುತ್ತಿದ್ದ. ಶಾಲೆಯಲ್ಲಿ 'ನನ್ನ ತಂದೆ' ಎಂಬ ಪ್ರಬಂಧಕ್ಕೆ ನಾನು ಇದನ್ನೇ ಬರೆದು, ಟೀಚರ್ ಸಮೇತ ಇಡೀ ತರಗತಿಯ ಮುಂದೆ ಎದೆ ಉಬ್ಬಿಸಿಕೊಂಡು ಓದಿದ್ದೆ. ಕೇಳುವವರು ಸಿಕ್ಕರೆ ಬರೆಯದೆ ಬಿಟ್ಟದ್ದನ್ನೂ ಸೇರಿಸಿ ಹೇಳುತ್ತಿದ್ದೆ.

ಇನ್ನು ನಮ್ಮ ಮನೆಯ ಕಟ್ಟಳೆ. ಮೊದಲನೆಯ ಮಷಿನ್ ತಯಾರಾದ ದಿನ ಅವ್ವ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತಾನೂ ಒಂದು ಹಲಗೆ ದೂಡಿ ನೋಡುತ್ತೇನೆ ಎಂದಳಂತೆ. ಅಪ್ಪ ಮೊದಲು ಬಳೆ ತೆಗೆ ಎಂದ. ಅವ್ವ ತೆಗೆಯಲಿಲ್ಲ. ಅವಳ ವಾದವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಈಗಲೂ ಅದೇ ದನಿಯಲ್ಲಿ ಹೇಳಬಲ್ಲೆ.

"ನಿಮ್ಮ ಮಷಿನ್ ತಗೊಳ್ಳಾವ ಕೈಯಾಗ ಕಡಗ ಹಾಕ್ಕೊಂಡಿರತಾನ, ದಾರ ಕಟಗೊಂಡಿರತಾನ, ಅಂಗಿ ತೋಳ ಇಳಿಬಿಟ್ಟಿರತಾನ. ಅವಗ ಎಲ್ಲಾ ತಗದ ಬಾ ಅಂತ ಹೇಳಾಕ ನೀವು ಅಲ್ಲಿ ಇರತೀರೇನು? ನನ್ನ ಗಾಜಿನ ಬಳಿಗೆ ಏನೂ ಆಗದಂಗ ಮಾಡ್ರಿ, ಆಮ್ಯಾಲೆ ಮಾರ್ರಿ."

ಅವತ್ತಿನಿಂದ ಅವ್ವ ಹಸಿರು ಗಾಜಿನ ಬಳೆ ತೊಟ್ಟ ಕೈಯಿಂದಲೇ ಮೂರು ಹಲಗೆ ದೂಡದೆ ಯಾವ ಮಷಿನ್ನೂ ಶೆಡ್ಡಿನ ಹೊಸ್ತಿಲು ದಾಟುತ್ತಿರಲಿಲ್ಲ. ದಪ್ಪನೆಯದೊಂದು, ನಡುವಿನದೊಂದು, ತೆಳ್ಳನೆಯದೊಂದು. ಬಳೆಗೆ ಗೀರು ಬೀಳದಿದ್ದರೆ ಮಷಿನ್ ಪಾಸು. ಅವ್ವ ಸೆರಗು ಬಿಗಿದು ಬಂದು ನಿಂತರೆ ಫಿಟರ್ ಸಾವಂತ ಮಾಮಾ 'ಜಪೂನ್ ವಹಿನಿ, ಜಪೂನ್' ಎಂದು ತನ್ನ ಮರಾಠಿಯಲ್ಲಿ ಹುಷಾರು ಹೇಳುತ್ತಾ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ಇರುತ್ತಿದ್ದ. ಇವತ್ತು ನಮ್ಮ ಕಾರ್ಖಾನೆಯಲ್ಲಿ ಯಾರಾದರೂ ಉಂಗುರ ಹಾಕಿಕೊಂಡು ಮಷಿನ್ ಹತ್ತಿರ ಬಂದರೆ ನಾನೇ ಬೈದು ಹೊರಗೆ ಅಟ್ಟುತ್ತೇನೆ. ಆಗ ಅದು ತಪ್ಪೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. ಹಾಗೆಂದು ಅದನ್ನು ನೆನೆದಾಗ ನನಗೆ ನಾಚಿಕೆಯೂ ಆಗುವುದಿಲ್ಲ. ಒಬ್ಬ ಹೆಂಗಸು ಗಂಡನ ಕೆಲಸದ ಮೇಲೆ ತನ್ನ ಕೈಯನ್ನೇ ಇಟ್ಟು ನೋಡುತ್ತಿದ್ದಳು. ಅಂಥ ಪರೀಕ್ಷೆ ಯಾವ ಕಂಪನಿಯಲ್ಲೂ ಇರಲಿಲ್ಲ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ವಿಕ್ರೋಳಿಯ ಒಂದು ದೊಡ್ಡ ಫರ್ನಿಚರ್ ಕಾರ್ಖಾನೆಯಿಂದ ಆರು ಮಷಿನ್‌ಗಳಿಗೆ ಆರ್ಡರ್ ಬಂತು. ಅಲ್ಲಿಯತನಕ ನಾವು ಮಾರಿದ್ದೆಲ್ಲ ಗಲ್ಲಿಗಳ ಬಡಿಗರಿಗೆ, ಒಂದೊಂದೇ. ಅಪ್ಪ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಸಾಬೂನು ಹಚ್ಚಿ ಶೆಡ್ಡಿನ ಮೇಲಿನ ಬೋರ್ಡು ತೊಳೆದ, ನನಗೆ ಹೊಸ ಕಂಪಾಸು ಪೆಟ್ಟಿಗೆ ತಂದ, ಊಟಕ್ಕೆ ಕೂತಾಗೆಲ್ಲ ಒಂದೇ ಮಾತು: ಈ ಆರು ಹೋಗಿ ಅಲ್ಲಿ ನಿಂತವೆಂದರೆ ನಾವು ಕಾರ್ಖಾನೆ, ಇಲ್ಲದಿದ್ದರೆ ಸಾಯುವ ತನಕ ಶೆಡ್ಡು. ಈ ಮಷಿನ್‌ಗಳಿಗಾಗಿಯೇ ಅಪ್ಪ ಹೊಸ ಗಾರ್ಡ್ ಮಾಡಿದ್ದ. ಬ್ಲೇಡಿನ ಮೇಲೆ ಸೇತುವೆಯಂತೆ ಅಡ್ಡ ಬರುವ ಕಬ್ಬಿಣದ ಪಟ್ಟಿ, ಅದನ್ನು ಏರಿಸಿ ಇಳಿಸಲು ಒಂದು ತಿರುಪು. ಹಲಗೆ ದಪ್ಪಗಿದ್ದರೆ ಏರಿಸುವುದು, ತೆಳ್ಳಗಿದ್ದರೆ ಇಳಿಸುವುದು, ಹಲಗೆ ಅದರ ಅಡಿಯಿಂದ ಹಾದುಹೋಗುವುದು. ನೋಡಲು ಬಲು ಚೆಂದ ಇತ್ತು.

ಆರೂ ಮಷಿನ್ ಸಿದ್ಧವಾಗಿ ಮೊದಲನೆಯದರ ಪರೀಕ್ಷೆ ಇದ್ದ ದಿನ ರವಿವಾರ. ಅವ್ವ ಜುಣಕದ ಬಾಣಲೆ ಇಳಿಸಿಟ್ಟು ಬಂದಳು. ದಪ್ಪ ಹಲಗೆ ಹೋಯಿತು, ನಡುವಿನದು ಹೋಯಿತು. ಮೂರನೆಯ ತೆಳು ಹಲಗೆ ದೂಡುವಾಗ ಅವಳು ಗಾರ್ಡನ್ನು ಇಳಿಸಲಿಲ್ಲ. ಮರೆತಳೋ ಬೇಕೆಂದೇ ಬಿಟ್ಟಳೋ, ಕೊನೆಯತನಕ ಅವಳು ನನಗೆ ಹೇಳಲಿಲ್ಲ. ಹಲಗೆಯ ತುದಿ ದಾಟಿತು, ಗಾರ್ಡಿನ ಅಡಿ ಉಳಿದ ಸಂದಿಯಲ್ಲಿ ಬಳೆ ಬ್ಲೇಡಿಗೆ ತಾಗಿ ಟರ್ರ್ ಎಂದು ಒಂದು ಸದ್ದು, ಗಾಜಿನ ಚೂರು ಬಂದು ನನ್ನ ಲಂಗಕ್ಕೆ ತಾಗಿತು. ಮಾಮಾ ಸ್ವಿಚ್ ಆರಿಸಿದ. ಅವ್ವನ ಕೈಯಲ್ಲಿ ಎರಡು ಬಳೆ ಕಡಿಮೆ ಇದ್ದವು. ಚರ್ಮಕ್ಕೆ ಏನೂ ಆಗಿರಲಿಲ್ಲ. ಅಪ್ಪ ಮೊದಲು ಅವಳ ಕೈ ಹಿಡಿದು ತಿರುಗಿಸಿ ನೋಡಿದ, ಆಮೇಲೆ ಸಿಟ್ಟಾದ.

"ಗಾರ್ಡ್ ಇಳಿಸಬೇಕಿಲ್ಲೋ? ತಪ್ಪು ನಿಂದು, ಮಷಿನ್‌ದಲ್ಲ."

"ನಾ ಇಳಿಸಲಿಲ್ಲ ಖರೆ. ವಿಕ್ರೋಳ್ಯಾಗ ದೂಡಾವನೂ ಒಂದ ದಿನಾ ಇಳಿಸಾಂಗಿಲ್ಲ. ಇದು ಹೋಗೂದು ಬ್ಯಾಡ."

"ಮಷಿನ್ ಪೂರಾ ತಯಾರ ಆಗ್ಯಾವ. ಇಳಿಸೂದು ಅವನ ಕೆಲಸ. ಮರತವಗ ನಾ ಏನ್ ಮಾಡ್ಲಿ?"

"ನಿಮ್ಮ ಬೊಟ್ಟ ತಿಂದ ಮಷಿನ್‌ಗೂ ಗಾರ್ಡ್ ಇತ್ತಲ್ರಿ. ಎತ್ತಿ ಆ ಕಡಿ ಇಟ್ಟವ್ರು ಯಾರು?"

ಸಾವಂತ ಮಾಮಾನಿಗೆ ನಮ್ಮ ಕನ್ನಡ ಅರ್ಧ ತಿಳಿಯುತ್ತಿತ್ತು, ಅವತ್ತು ಪೂರ್ತಿ ತಿಳಿಯಿತು. ಅವನು ಬಗ್ಗಿ ಗಾಜಿನ ಚೂರು ಆರಿಸತೊಡಗಿದ. ಅಪ್ಪ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ ಹೊರಗೆ ಹೋದ. ನಾನು ಅವ್ವನನ್ನು ಹಿಂಬಾಲಿಸಿ ಅಡುಗೆಮನೆಗೆ ಬಂದು, ಖರೆನಾ ಎಂದು ಕೇಳಿದೆ. ಅವ್ವ ಬಾಣಲೆಯನ್ನು ಮತ್ತೆ ಒಲೆಯ ಮೇಲಿಟ್ಟು, ಆಸ್ಪತ್ರೆಯಲ್ಲಿ ಅಪ್ಪನೇ ತನಗೆ ಹೇಳಿದ್ದು, ಇನ್ನೊಬ್ಬರ ಮುಂದೆ ಆಡಬಾರದಿತ್ತು ಎಂದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ರವಿವಾರದಿಂದ ಇಬ್ಬರ ನಡುವೆ ಮಾತು ನಿಂತಿತು. ಅಪ್ಪ ಆರು ಮಷಿನ್‌ಗಳನ್ನು ಕಳಿಸಲೂ ಇಲ್ಲ, ಬಿಚ್ಚಲೂ ಇಲ್ಲ. ಅವ್ವ ಪಾಸ್ ಮಾಡದ ಮಷಿನ್ ಕಳಿಸುವುದು ಅವನಿಂದ ಆಗುತ್ತಿರಲಿಲ್ಲ, ಅವಳ ಮಾತಿಗೆ ಮಣಿಯುವುದೂ ಆಗುತ್ತಿರಲಿಲ್ಲ. ಎರಡೂ ಕಡೆಯ ಟಪಾಲು ನಾನು. 'ಅಪ್ಪಗ ಹೇಳು, ರೊಟ್ಟಿ ಆರತಾವು.' 'ಅವ್ವಗ ಹೇಳು, ಹಸಿವಿಲ್ಲ.' 'ಹಸಿವಿಲ್ಲಂದ್ರ ಶೇಂಗಾ ಚಟ್ನಿ ಯಾರ ಖಾಲಿ ಮಾಡಿದ್ರು ಅಂತ ಕೇಳು.' ಇಬ್ಬರೂ ಒಂದೇ ಕೋಣೆಯಲ್ಲಿ, ಎದುರುಬದುರು ಮಣೆಯ ಮೇಲೆ ಕೂತು ಇದನ್ನು ಹೇಳುತ್ತಿದ್ದರು. ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು. ನನ್ನೊಳಗೆ ಬೇರೆಯದೇ ಕುದಿಯುತ್ತಿತ್ತು. ಇಡೀ ತರಗತಿಯ ಮುಂದೆ ನಾನು ಓದಿದ್ದು ಸುಳ್ಳು. ಬೆರಳು ಹೋದದ್ದಕ್ಕಿಂತ ಅದೇ ನನಗೆ ದೊಡ್ಡದಾಗಿತ್ತು. ಆ ವಾರ ಶಾಲೆಯಲ್ಲಿ ಗೆಳತಿಯೊಬ್ಬಳು ನಿನ್ನಪ್ಪನ ಕಥೆ ನನ್ನ ಅಣ್ಣನಿಗೂ ಹೇಳು ಎಂದಾಗ, ನಾನು ತಲೆನೋವು ಎಂದು ತಪ್ಪಿಸಿಕೊಂಡೆ. ಸಂಜೆ ಅಪ್ಪ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರೆ ನೋಡದವಳ ಹಾಗೆ ಮುಂದೆ ನಡೆದುಬಿಟ್ಟೆ. ಅವನು ಹಿಂದೆ ಹಿಂದೆಯೇ ಬಂದ.

ಮುಂದಿನ ಶನಿವಾರ ಗ್ರಾಂಟ್ ರೋಡಿಗೆ ಹೋಗುವುದಿತ್ತು. ಅಪ್ಪನಿಗೆ ಬೋಲ್ಟು ಬೇಕಿತ್ತು, ನನಗೆ ಶಾಲೆಯ ಬೂಟು. ಲೋಕಲ್‌ನಲ್ಲಿ ಅಪ್ಪ ಒಂದು ಡಬ್ಬಿ, ನಾವಿಬ್ಬರು ಲೇಡೀಸ್ ಡಬ್ಬಿ. ಮಾತು ಬಿಟ್ಟವರಿಗೆ ಮುಂಬಯಿಯ ರೈಲು ಎಷ್ಟು ಅನುಕೂಲ ಎಂದು ನನಗೆ ಅವತ್ತೇ ತಿಳಿದದ್ದು. ಮಧ್ಯಾಹ್ನ ಸ್ಟೇಷನ್ನಿನ ಹೊರಗಿನ ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಗಲ್ಲೆಯ ಮೇಲೆ ಕೂತಿದ್ದ ಮಾಲೀಕರಿಗೆ ಅಪ್ಪ ಹಳೆಯ ಪರಿಚಯ. ಅಡುಗೆಮನೆಗೂ ಹೊರಗಿನ ಹಾಲಿಗೂ ನಡುವೆ ಸೊಂಟದೆತ್ತರದ ಅರ್ಧ ಬಾಗಿಲು. ಸಪ್ಲಾಯರ್ ಎರಡೂ ಕೈಯಲ್ಲಿ ಊಟದ ತಟ್ಟೆ ಹಿಡಿದು, ಮೈಯಿಂದ ಆ ಬಾಗಿಲನ್ನು ನೂಕಿ ಹೊರಗೆ ಬರುತ್ತಿದ್ದ. ಅವನು ದಾಟಿದ ಕೂಡಲೇ ಅದು ಅವನ ಬೆನ್ನ ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ಅವ್ವ ತುತ್ತು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ಕೂತಳು. ಐದಾರು ಸಲ ನೋಡಿದ ಮೇಲೆ ನನ್ನ ಕಡೆ ತಿರುಗಿದಳು.

"ಅಪ್ಪಗ ಹೇಳು, ಆ ಬಾಗಲಾ ನೋಡಂತ. ಆ ಮನಶ್ಯಾ ಅದಕ್ಕ ಕೈ ಹಚ್ಚಲಿಲ್ಲ. ತೆಗೀಲೂ ಇಲ್ಲ, ಹಾಕಲೂ ಇಲ್ಲ. ಅವ ಎಷ್ಟ ದಪ್ಪ ಅದಾನೋ ಅಷ್ಟಽ ತಗೀತು, ಅವ ಹ್ವಾದ ಕೂಡ್ಲೆ ತಾನಽ ಮುಚಕೊಂತು."

ನಾನು ಹೇಳಬೇಕಾಗಿ ಬರಲಿಲ್ಲ. ಅಪ್ಪ ಕೈ ಕೂಡ ತೊಳೆಯದೆ ಎದ್ದು ಹೋಗಿ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಲಗೈಯ ಎಂಜಲು ತಾಗದಂತೆ ಎಡಗೈಯ ಮೂರು ಬೆರಳಿನಿಂದ ಅದನ್ನು ನೂಕಿ ಬಿಟ್ಟ. ಮತ್ತೆ ನೂಕಿದ. ಕೀಲಿನೊಳಗಿನ ಸ್ಪ್ರಿಂಗ್ ಬಗ್ಗಿ ನೋಡಿದ. ಒಳಗೆ ಇಬ್ಬರು ಸಪ್ಲಾಯರ್‌ಗಳು ಸಾಂಬಾರಿನ ಬಕೆಟ್ ಹಿಡಿದು ನಿಂತರು.

"ಎಂತ ಮಾರಾಯ್ರೆ, ಬಾಗಿಲಲ್ಲಿ ಎಂತ ಉಂಟು? ಜನ ಅನ್ನಕ್ಕೆ ಕಾಯ್ತಿದ್ದಾರೆ" ಎಂದರು ಮಾಲೀಕರು.

"ಒಂದ ಮಿನಿಟ್ ಶೆಟ್ರ, ನಿಮ್ಮ ಬಾಗಲಾ ನಮ್ಮ ಕೆಲಸಕ್ಕ ಬಂತು" ಎಂದ ಅಪ್ಪ.

ಅಂದು ಬೋಲ್ಟು ತಂದೆವು, ಸ್ಪ್ರಿಂಗ್ ತಂದೆವು, ನನ್ನ ಬೂಟು ಮರೆತು ಬಂದೆವು. ಮುಂದಿನ ಎರಡು ವಾರ ನಮ್ಮ ಮನೆಯಲ್ಲಿ ಕೆಲಸವೆಂದರೆ ಆ ಗಾರ್ಡ್ ಒಂದೇ. ಮೇಲಿನಿಂದ ಅಡ್ಡ ಬರುವ ಪಟ್ಟಿ ಹೋಗಿ, ಮೇಜಿನ ಅಂಚಿಗೆ ಕೀಲು ಹಾಕಿ ನಿಲ್ಲಿಸಿದ ತಗಡು ಬಂತು. ಹಲಗೆ ಬಂದು ತಾಗಿದರೆ ಅದು ಪಕ್ಕಕ್ಕೆ ಸರಿಯಬೇಕು, ಹಲಗೆ ದಾಟಿದೊಡನೆ ಬ್ಲೇಡನ್ನು ಮುಚ್ಚಿಕೊಳ್ಳಬೇಕು. ಮೊದಲ ಸ್ಪ್ರಿಂಗ್ ಎಷ್ಟು ಬಿರುಸೆಂದರೆ ತೆಳು ಹಲಗೆಯನ್ನೇ ಒದ್ದು ಕಳಿಸಿತು. ಎರಡನೆಯದು ಮೆತ್ತಗೆ, ಕೀಲಿನಲ್ಲಿ ಮರದ ಹೊಟ್ಟು ತುಂಬಿದ ಕೂಡಲೇ ಬಾಯಿ ತೆರೆದುಕೊಂಡೇ ನಿಂತಿತು. ಸಾವಂತ ಮಾಮಾ ಕೀಲಿಗೊಂದು ಟೊಪ್ಪಿಗೆ ಮಾಡಿ ಹಾಕಿದ. ತಗಡು ನೇರವಾಗಿದ್ದರೆ ಹಲಗೆಯ ತುದಿ ಪೂರ್ತಿ ದಾಟುವ ತನಕ ಮುಚ್ಚಿಕೊಳ್ಳುತ್ತಿರಲಿಲ್ಲ. ಅವ್ವ ಹಳೆಯ ಕ್ಯಾಲೆಂಡರಿನ ರಟ್ಟನ್ನು ಜಂಪರ್ ಕತ್ತರಿಸುವ ಕತ್ತರಿಯಿಂದ ಕತ್ತರಿಸಿ, ಸೀರೆ ಅಂಚಿನ ಮಾವಿನಕಾಯಿಯಂತೆ ಒಂದು ಕಡೆ ಬಾಗಿಸಿ, ನನ್ನ ಕೈಯಲ್ಲಿ ಆ ಕಡೆಗೆ ಕಳಿಸಿದಳು. ಅದು ತಿದ್ದಿಸಿಕೊಂಡು ವಾಪಸು ಬರುತ್ತಿತ್ತು, ಮತ್ತೆ ಕತ್ತರಿಸಿ ಹೋಗುತ್ತಿತ್ತು. ಆಗಲೂ ಇಬ್ಬರ ನಡುವೆ ಮಾತಿಲ್ಲ. ರಟ್ಟು ಮಾತ್ರ ಓಡಾಡುತ್ತಿತ್ತು. ಇಂಥ ಗಾರ್ಡ್ ಹೊರದೇಶಗಳಲ್ಲಿ ಮೊದಲೇ ಇತ್ತೆಂದು ಎಷ್ಟೋ ವರ್ಷಗಳ ಮೇಲೆ ನನ್ನ ಮಗ ಫೋನಿನಲ್ಲಿ ತೆಗೆದು ತೋರಿಸಿದ. 'ಅಜ್ಜಿ, ಯೇ ತೋ ಅವರದು ಪೆಹಲೆ ಸೆ ಇತ್ತು' ಎಂದ ಅವನ ಮುಂಬಯಿ ಕನ್ನಡದಲ್ಲಿ. ಅವ್ವ ಕನ್ನಡಕ ಏರಿಸಿ ಚಿತ್ರ ನೋಡಿ, 'ಅವರಲ್ಲೂ ಹೋಟೆಲ್ ಇರತಾವಲ್ಲ' ಎಂದಳು. ಅವಳಿಗೆ ಅದರಿಂದ ಒಂದಿಷ್ಟೂ ಬೇಜಾರಾಗಲಿಲ್ಲ. ಸ್ವಂತ ತಲೆಯಿಂದ ಹುಟ್ಟಿದ್ದು ಇನ್ನೊಬ್ಬರ ತಲೆಯಲ್ಲೂ ಹುಟ್ಟಿದ್ದರೆ ಅದು ಸರಿ ಇದೆ ಎಂದೇ ಅವಳ ಲೆಕ್ಕ.

ವಿಕ್ರೋಳಿಯವರು ಕಾಯುವಷ್ಟು ಕಾದರು. ಕೊನೆಗೆ ಅವರ ಇಂಜಿನಿಯರ್ ಕುಲಕರ್ಣಿ ಸಾಹೇಬರು ಒಂದು ಬೆಳಿಗ್ಗೆ ತಾವೇ ಬಂದರು. ವಿಜಾಪುರ ಕಡೆಯವರು, ಕನ್ನಡದಲ್ಲೇ ಮಾತು, ಮುಖ ಮಾತ್ರ ಗಂಟು. ಇವತ್ತು ನೋಡಿ ಪಾಸು ಅಂದರೆ ಪಾಸು, ಇಲ್ಲದಿದ್ದರೆ ಆರ್ಡರ್ ರದ್ದು ಎಂದು ನಿಂತುಕೊಂಡೇ ಹೇಳಿದರು. ಅಪ್ಪ ಎಂದೂ ಹೊರಗಿನವರ ಎದುರು ಅವ್ವನ ಪರೀಕ್ಷೆ ಇಟ್ಟವನಲ್ಲ. ಅವತ್ತು ನನ್ನನ್ನು ಕರೆದು, ಅವ್ವಗ ಬಾ ಅನ್ನು ಎಂದ. ಅವ್ವ ಹಿಟ್ಟಿನ ಕೈ ತೊಳೆದು ಬಂದಳು, ಕೈತುಂಬ ಹೊಸ ಬಳೆ. ಸಾಹೇಬರು ಬಳೆ ನೋಡಿ ಗಾಬರಿಯಾಗಿ ಏನೋ ಹೇಳಲು ಹೋದರು, ಅಷ್ಟರಲ್ಲಿ ಮಾಮಾ ಸ್ವಿಚ್ ಹಾಕಿದ್ದ. ದಪ್ಪ ಹಲಗೆ, ನಡುವಿನದು, ತೆಳುವಿನದು. ತಗಡು ಸರಿದು ದಾರಿ ಬಿಟ್ಟು, ಹಲಗೆಯ ಬೆನ್ನಿಗೇ ಬಂದು ಮುಚ್ಚಿಕೊಂಡಿತು, ಮೂರೂ ಸಲ. ಯಾರೂ ಯಾವ ತಿರುಪನ್ನೂ ಮುಟ್ಟಲಿಲ್ಲ. ಸಾಹೇಬರು ತಾವೇ ಒಂದು ಹಲಗೆ ತೆಗೆದುಕೊಂಡು ದೂಡಿದರು, ಇನ್ನೊಂದು ದೂಡಿದರು. ಮುಖದ ಗಂಟು ಬಿಚ್ಚಿತು. ಚೀಲದಿಂದ ಪಾಸ್ ಮಾಡುವ ಕಾಗದ ತೆಗೆದು ಮಷಿನ್ ಮೇಲಿಟ್ಟು ಬರೆಯುತ್ತಾ ಒಂದು ಕಡೆ ಪೆನ್ನು ನಿಲ್ಲಿಸಿದರು.

"ಗಾರ್ಡ್ ಡಿಸೈನ್ ಯಾರದು ಅಂತ ಬರೀಬೇಕಾಗೇದ. ನಿಮ್ಮ ಹೆಸರು ಹಾಕ್ಲಿ?"

"ಬ್ಯಾಡ್ರಿ. ನೀಲವ್ವ ಅಂತ ಬರೀರಿ" ಎಂದ ಅಪ್ಪ.

"ನೀಲವ್ವ ಯಾರು?"

"ಈಗ ಹಲಗಿ ದೂಡಿದ್ಲಲ್ರಿ, ಆಕಿ. ನಮ್ಮ ಮನಿಯಾಕಿ."

ಸಾಹೇಬರು ಅವ್ವನನ್ನು ನೋಡಿದರು, ಅಪ್ಪನನ್ನು ನೋಡಿದರು. ಅವರು ಒಳ್ಳೆಯ ಮನುಷ್ಯ. ಅಪ್ಪನಿಗೆ ಅವಮಾನವಾಯಿತೇನೋ ಎಂದುಕೊಂಡು ಅದನ್ನು ಸರಿಮಾಡಲು ನೋಡಿದರು.

"ಇರಲಿ, ಆದರ ಇದರ ಹಿಂದಿನ ನೋವು ನಿಮ್ಮದಽ ಅಲ್ರಿ. ಗಾರ್ಡ್ ಇಲ್ಲದ ಮಷಿನ್‌ಗೆ ಬೆರಳು ಕೊಟ್ಟವರು ನೀವು. ಆರ್ಡರ್ ಕೊಡಬೇಕಾದಾಗ ನಮ್ಮ ಡೈರೆಕ್ಟರ್‌ಗೂ ಇದನ್ನಽ ಹೇಳೀನಿ."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವ್ವ ನೆಲ ನೋಡುತ್ತಾ ನಿಂತಿದ್ದಳು. ಅವಳು ಆ ಮಾತನ್ನು ಇನ್ನೊಮ್ಮೆ ಎತ್ತುತ್ತಿರಲಿಲ್ಲ, ನನಗದು ಗೊತ್ತಿತ್ತು. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಬೇಡ, ಹೂಂ ಅನ್ನಬೇಡ ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. ಆದರೂ ಆರ್ಡರ್ ಹೋದರೆ ಎಂಬ ಭಯವೂ ಇತ್ತು. ಅಪ್ಪ ಸಾಹೇಬರ ಕಡೆ ತಿರುಗಿದ.

"ಇಲ್ರೀ ಸಾಹೇಬ್ರ. ಆ ಮಷಿನ್‌ಗೂ ಗಾರ್ಡ್ ಇತ್ತು. ಕೆಲಸ ಜಲ್ದಿ ಮುಗೀಲಂತ ನಾನಽ ಎತ್ತಿ ಆ ಕಡಿ ಇಟ್ಟಿದ್ದೆ. ಇಷ್ಟ ವರ್ಷ ಎಲ್ಲಾರಿಗೂ ಸುಳ್ಳ ಹೇಳಕೋಂತ ಬಂದೀನಿ. ನಿಮಗೂ ಹೇಳೀನಿ. ಅಂಥಾ ಗಡಿಬಿಡಿ ಮನಶ್ಯಾನ ಕೈ ಉಳಿಸೂ ಗಾರ್ಡ್ ಬೇಕಂತ ಈಕಿ ಹಟಾ ಹಿಡದ್ಲು. ಅದಕ್ಕಽ ತಡಾ ಆತು."

ಸಾಹೇಬರು ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ ಕಾಗದದ ಮೇಲೆ ಅವ್ವನ ಹೆಸರು ಬರೆದು, ಅದರ ಕೆಳಗೆ ಸಹಿ ಹಾಕಿದರು. ಅವ್ವ ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡದೆ, ನೇರ ಅಪ್ಪನಿಗೇ ಹೇಳಿದಳು.

"ಅವ್ರನ್ನ ನಿಂದರಿಸೇ ಮಾತಾಡಸ್ತೀರೇನು? ಕುರ್ಚಿ ತರ್ರಿ. ಊಟಾ ಮಾಡಕೊಂಡ ಹೋಗಲಿ."

ಅಪ್ಪ ಕುರ್ಚಿ ತರಲು ಒಳಗೆ ಓಡಿದ. ನಾನು ಸಾಹೇಬರ ಹತ್ತಿರ ಹೋಗಿ ನಿಂತು, "ಅವ್ರು ನಮ್ಮ ಅಪ್ಪಾರಿ" ಎಂದೆ.

"ಗೊತ್ತದವಾ" ಎಂದರು ಸಾಹೇಬರು.

ಗೊತ್ತಿದ್ದರೂ ಇನ್ನೊಮ್ಮೆ ಹೇಳಿದೆ.